ಸಕೇಯುಸ್ ಎಂಬ ಹೆಸರು

ನನ್ನ ಮಗಳು ಪಿಪಾಲುಕ್ ಹೆತ್ತು ಒಂಬತ್ತು ದಿನವಾಗಿತ್ತು. ಒಂಬತ್ತು ದಿನವೂ ಕೂಸು ಒಂದೇ ಸಮನೆ ಅತ್ತಿತ್ತು. ಹೆಣ್ಣು ಕೂಸು. ಹಾಲು ಕುಡಿಯುತ್ತಿತ್ತು, ಮೈ ಬಿಸಿಯಿರಲಿಲ್ಲ, ಹೊಟ್ಟೆ ಮೆತ್ತಗಿತ್ತು. ನರ್ಸಮ್ಮ ಬಂದು ನೋಡಿ, ಸೀಲ್ ಮಾಂಸದ ಸಾರು ಕುಡಿದು, ಏನೂ ಇಲ್ಲ ಎಂದು ಹೋದಳು. ಊರವರಿಗೆ ಮಾತ್ರ ಕಾರಣ ಗೊತ್ತಿತ್ತು. ಎಲ್ಲರೂ ನನ್ನ ಮುಖ ನೋಡುತ್ತಿದ್ದರು.

ಗ್ರೀನ್‌ಲ್ಯಾಂಡಿನ ಈ ಮೂಲೆಯಲ್ಲಿ ಯಾರಾದರೂ ಸತ್ತರೆ ಅವರ ಹೆಸರನ್ನು ಮುಂದೆ ಹುಟ್ಟುವ ಕೂಸಿಗೆ ಇಡುತ್ತೇವೆ. ಹೆಣ್ಣೋ ಗಂಡೋ ಲೆಕ್ಕಕ್ಕಿಲ್ಲ. ಇಟ್ಟ ಮೇಲೆ ಆ ಕೂಸೇ ಅವರು. ಸತ್ತವರ ಹೆಂಡತಿಗೆ ಅದು ಗಂಡ, ಮಗಳಿಗೆ ಅಪ್ಪ. ಅಲ್ಲಿಯವರೆಗೆ ಹೆಸರು ಚಳಿಯಲ್ಲಿ ಅಲೆಯುತ್ತದೆ, ಅದು ಬೇಕಾದ ಕೂಸು ಅಳುತ್ತದೆ. ನನ್ನ ಗಂಡ ಸಕೇಯುಸ್, ಎರಡು ವರ್ಷದ ಹಿಂದೆ ವಸಂತದಲ್ಲಿ, ಕೊಲ್ಲಿಯ ತುದಿಯಲ್ಲಿರುವ ಹಿಮನದಿಯ ಮುಂದೆ, ಹೆಪ್ಪುಗಟ್ಟಿದ ಕಡಲ ಮೇಲೆ ನಾಯಿಬಂಡಿಯಲ್ಲಿ ಮೀನಿನ ಗಾಳದ ಹಗ್ಗ ಎತ್ತಲು ಹೋದವರು ಬರಲಿಲ್ಲ. ಎರಡು ನಾಯಿ ಮಾತ್ರ ಬಂದವು. ಹೆಣ ಸಿಗಲಿಲ್ಲ. ಹೆಣವೇ ಸಿಗದ ಮೇಲೆ ಸತ್ತರು ಎನ್ನಲು ಇವರು ಯಾರು? ಹೆಸರು ಕೇಳಿಕೊಂಡು ಬಂದ ಎರಡು ಮನೆಯವರನ್ನು ಬೈದು ಅಟ್ಟಿದ್ದೆ. ಈಗ ಕೇಳುತ್ತಿದ್ದವಳು ನನ್ನ ಹೊಟ್ಟೆಯಲ್ಲೇ ಹುಟ್ಟಿದವಳು.

"ಕೊಟ್ಬಿಡಮ್ಮ. ಅಪ್ಪ ಬಂದು ಬಾಗ್ಲಲ್ಲಿ ನಿಂತಿದಾರೆ, ನೀನು ಚಿಲ್ಕ ತೆಗೀತಿಲ್ಲ."

"ಬದುಕಿರೋರ ಹೆಸ್ರು ಇಡ್ತಾರೇನೇ? ನಾಲ್ಗೆ ಬಿಗಿ ಹಿಡಿದು ಮಾತಾಡು!"

"ಹಂಗಾದ್ರೆ ತಗೋ, ನೀನೇ ಎತ್ಕೊಂಡು ಸಮಾಧಾನ ಮಾಡು ನೋಡೋಣ."

ಕೂಸನ್ನು ನನ್ನ ಕಡೆ ಚಾಚಿದಳು. ನಾನು ಕೈ ಚಾಚಲಿಲ್ಲ. ಅವರು ಹೋದ ಜಾಗವನ್ನು ಒಂದು ಸಲ ನೋಡಿ ಬರುತ್ತೇನೆ, ಆಮೇಲೆ ಹೇಳುತ್ತೇನೆ ಎಂದೆ. ಎರಡು ವರ್ಷ ಆ ದಿಕ್ಕಿಗೆ ತಲೆ ಹಾಕಿರಲಿಲ್ಲ. ಸಕೇಯುಸರ ತಮ್ಮ ಎಸಾಯಸ್ ದೋಣಿ ತೆಗೆದ.

ಕೊಲ್ಲಿಯ ಬಾಯಲ್ಲಿ ನೀರಿನಡಿ ಒಂದು ದಿಣ್ಣೆಯಿದೆ. ಒಳಗಿನಿಂದ ತೇಲಿ ಬರುವ ದೊಡ್ಡ ಹಿಮದ ಬೆಟ್ಟಗಳು ಅಲ್ಲಿ ತಳ ತಾಗಿ ನಿಂತುಬಿಡುತ್ತವೆ. ಕೆಲವು ವರ್ಷಗಟ್ಟಲೆ ಅಲ್ಲೇ. ಅವುಗಳ ಸಂದಿನಲ್ಲಿ ತೂರಿ ಒಳಗೆ ಹೋದೆವು. ಹೋದಷ್ಟೂ ನೀರು ಕಪ್ಪಿನಿಂದ ಹಸಿರಾಗಿ, ಹಸಿರಿನಿಂದ ಬೂದಿ ಬಣ್ಣಕ್ಕೆ ತಿರುಗಿತು. ಹಿಮನದಿ ಬಂಡೆಯನ್ನು ಅರೆದು ಕಳಿಸುವ ಹಿಟ್ಟು ಅದು. ಮೇಲೆ ಒಂದೆರಡು ಮಾರು ಸಿಹಿನೀರು, ಕೆಳಗೆಲ್ಲ ಉಪ್ಪು, ತಳದ ಕತ್ತಲಲ್ಲಿ ಮೀನು. ಹಗ್ಗ ಮುಳುಗಲು ಕಟ್ಟಿದ ಕಲ್ಲಿಗೆ ಮೆತ್ತಿಕೊಂಡು ಬಂದ ಕೆಸರನ್ನು ಬೆರಳಲ್ಲಿ ಉಜ್ಜಿ, ಯಾವ ಜಾಗದ್ದು ಎಂದು ಸಕೇಯುಸ್ ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದರು. ನನಗೆ ಆ ಬೆರಳುಗಳು ಬೇಕಾಗಿದ್ದವು. ಎಷ್ಟು ಬೇಕಾಗಿದ್ದವೆಂದು ಮೈದುನನ ಎದುರು ಹೇಳಲು ನಾಚಿಕೆಯಾಯಿತು.

ಎಸಾಯಸ್ ಎಂಜಿನ್ ನಿಲ್ಲಿಸಿದ. "ಇಲ್ಲೇ ಅತ್ತಿಗೆ."

"ಇಲ್ಲಾ? ಹಿಮನದಿ ಗೋಡೆ ಎಲ್ಲೋ?"

"ಅದು ಹಿಂದಕ್ಕೆ ಹೋಯ್ತಲ್ಲ. ಎರಡ್ ವರ್ಷ ಆಯ್ತು. ನಿಂಗೋಸ್ಕರ ಕಾಯ್ಕೊಂಡು ಕೂತಿರತ್ತಾ?"

ಗೋಡೆ ಬಲು ದೂರದಲ್ಲಿತ್ತು. ಅದರ ಬುಡದಲ್ಲಿ ಅಡಿಯಿಂದ ಉಕ್ಕುವ ಕೆಸರುನೀರಿನ ಮೇಲೆ ಹಕ್ಕಿಗಳು ಸೀಗಡಿಗೆ ಮುಗಿಬಿದ್ದಿದ್ದವು. ನಾನು ಎರಡು ವರ್ಷ ಮನಸ್ಸಿನಲ್ಲಿ ಕಾಪಾಡಿಕೊಂಡಿದ್ದ ಜಾಗವೇ ಇರಲಿಲ್ಲ. ಗಂಡ ಹೋಗಿ, ಗಂಡ ಹೋದ ಜಾಗವೂ ಹೋಗಿತ್ತು. ಯಾರಿಗೂ ಹೇಳದಿದ್ದುದು ಆಗ ಬಾಯಿಗೆ ಬಂತು.

"ನಾನೇ ಕಳ್ಸಿದ್ದು ಕಣೋ. ಹಿಮನದಿ ಅಡೀಲಿ ನೀರು ಹರಿಯೋಕೆ ಶುರುವಾಗಿದೆ, ಮಂಜುಗಡ್ಡೆ ಮೇಲೆ ಗಟ್ಟಿ ಕಂಡ್ರೂ ಕೆಳಗಿಂದ ಸವೀತಿದೆ, ಒಂದ್ವಾರ ಬಿಟ್ಟು ಹೋಗ್ತೀನಿ ಅಂದ್ರು. ಹೆದರುಪುಕ್ಕಲ ಕಣ್ರೀ ನೀವು, ನಿಮ್ಮ ತಮ್ಮನ್ನ ನೋಡಿ ಕಲೀರಿ ಅಂದೆ. ಬಾಯೇ ಬಿಡ್ಲಿಲ್ಲ. ನಾಯಿ ಕಟ್ಕೊಂಡು ಹೋದ್ರು. ಹೆಸ್ರು ಕೊಟ್ರೆ ಅವ್ರು ಸತ್ತಂಗೆ. ಸತ್ತೋರ ಹತ್ರ ತಪ್ಪಾಯ್ತು ಅನ್ನೋದು ಹೆಂಗೋ?"

ಎಸಾಯಸ್ ದೋಣಿಗೆ ಬಡಿಯುತ್ತಿದ್ದ ಮಂಜುಗಡ್ಡೆಯೊಂದನ್ನು ಹುಟ್ಟಿನಿಂದ ಆಚೆ ತಳ್ಳಿದ. "ಆ ವಾರ ನಾನೂ ಹೋಗಿರ್ಲಿಲ್ಲ ಅತ್ತಿಗೆ. ನಂಗೂ ಭಯಾನೇ ಆಗಿತ್ತು." ಆಮೇಲೆ ಅವನಿಗೆ ಸಿಟ್ಟು ಬಂತು. "ನಿಂಗೆ ಬುದ್ಧಿ ಇದೆಯಾ? ಇದನ್ನ ಈ ಬೂದಿನೀರಿಗೆ ಹೇಳೋಕೆ ಇಷ್ಟು ದೂರ ಬಂದ್ಯಾ? ಕೇಳಿಸ್ಕೊಳ್ಳೋಕೆ ಅಂತ ಅಣ್ಣ ಬಂದು ಒಂಬತ್ತು ದಿನದಿಂದ ಮನೇಲಿ ಅರಚ್ಕೋತಿದಾನೆ!"

ಅವನು ದೋಣಿ ತಿರುಗಿಸಿದ.

ಮನೆಗೆ ಬಂದವಳು ಬೂಟೂ ಬಿಚ್ಚದೆ ಕೂಸನ್ನು ಎತ್ತಿಕೊಂಡೆ. ಮುಖ ಕೆಂಪಗಾಗಿತ್ತು, ಮುಷ್ಟಿ ಬಿಗಿದಿತ್ತು. ಪಿಪಾಲುಕ್ ಒಲೆಯ ಹತ್ತಿರ ನಿಂತು ನೋಡುತ್ತಿದ್ದಳು.

"ಸಕೇಯುಸ್," ಎಂದೆ. ಎರಡು ವರ್ಷದಲ್ಲಿ ಮೊದಲ ಸಲ ಆ ಹೆಸರನ್ನು ಒಂದು ಮುಖ ನೋಡಿ ಕರೆದಿದ್ದೆ. "ನಾನು ಹಂಗಂದಿದ್ದು ತಪ್ಪಾಯ್ತು ಕಣ್ರೀ. ನೀವು ಹೇಳಿದ್ದೇ ಸರಿ ಇತ್ತು."

ಈಗ ಸುಮ್ಮನಾಗುತ್ತದೆ ಎಂದು ಪಿಪಾಲುಕ್ ಕಾದಳು, ನಾನೂ ಕಾದೆ. ಎಲ್ಲಿ ಬಂತು! ಇನ್ನೂ ಜೋರಾಗಿ ಕಿರುಚಿತು, ಕಾಲು ಝಾಡಿಸಿ ನನ್ನ ಎದೆಗೆ ಒದೆಯಿತು. ಜೀವಮಾನದಲ್ಲಿ ನನಗೆ ಎದುರು ಮಾತಾಡಿದ ಮನುಷ್ಯರಲ್ಲ ಅವರು. ಅಳುವಿನ ನಡುವೆ ನನಗೆ ನಗು ಬಂತು.

"ಬೈಯಿರಿ," ಎಂದೆ. "ಚೆನ್ನಾಗಿ ಬೈಯಿರಿ. ಆವತ್ತು ಒಂದು ಮಾತೂ ಆಡ್ದೆ ಹೋದ್ರಲ್ಲ."