ಇಳಿಜಾರಿನಲ್ಲಿ ಸಿಕ್ಕ ನಾಲ್ಕು ಪರ್ಸೆಂಟ್

ಸೊಸೆ ಎಲೆಕ್ಟ್ರಿಕ್ ಕಾರು ತಂದ ದಿನ ಮಾವ ಬಾನೆಟ್ ಎತ್ತಿ ಇಣುಕಿದರು. ನಲವತ್ತು ವರ್ಷ ಗ್ಯಾರೇಜು ನಡೆಸಿದವರು. ಒಂದು ನಿಮಿಷ ನೋಡಿ, ಮತ್ತೆ ಮುಚ್ಚಿದರು.

"ಮಿಕ್ಸಿಗೆ ಚಕ್ರ ಹಾಕಿದ್ದಾರೆ, ಅಷ್ಟೇ."

ಸೊಸೆ ನಕ್ಕಳು. ಮನೆಮನೆಗೆ ಹೋಗಿ ರೋಗಿಗಳಿಗೆ ವ್ಯಾಯಾಮ ಮಾಡಿಸುವವಳು ಅವಳು. ಮೊಂಡು ಮುದುಕರು ಅವಳಿಗೆ ಹೊಸಬರಲ್ಲ.

ಎರಡು ತಿಂಗಳು ಮಾವ ಆ ಕಾರು ಹತ್ತಲೇ ಇಲ್ಲ. ಅಷ್ಟರಲ್ಲಿ ಬೆಟ್ಟದಾಚೆಯ ಊರಿನಲ್ಲಿದ್ದ ಅವರ ಅಕ್ಕ ಬಚ್ಚಲಲ್ಲಿ ಜಾರಿ ಮಂಡಿ ಉಳುಕಿಸಿಕೊಂಡರು. "ನಡೀರಿ ಮಾವ, ನಾನೇ ಬಂದು ನೋಡ್ತೀನಿ" ಎಂದು ಸೊಸೆ ಹೊರಟು ನಿಂತಳು. ಮಾವ ಮುಖ ಊದಿಸಿಕೊಂಡೇ ಮುಂದಿನ ಸೀಟಿನಲ್ಲಿ ಕೂತರು.

ಅರ್ಧ ದಾರಿಯಲ್ಲಿ, ಹೋಟೆಲೊಂದರ ಪಕ್ಕ ಚಾರ್ಜ್ ಮಾಡಿಕೊಳ್ಳುವುದೆಂದು ಅವಳ ಲೆಕ್ಕ. ಅಲ್ಲಿ ಹೋಗಿ ನೋಡಿದರೆ ಚಾರ್ಜರಿನ ಪರದೆ ಕಪ್ಪಗಿತ್ತು. "ಅದು ಕೆಟ್ಟು ಒಂದು ವಾರ ಆಯ್ತು" ಎಂದ ಹೋಟೆಲಿನವನು. ಬ್ಯಾಟರಿಯಲ್ಲಿ ಮೂವತ್ತೊಂದು ಪರ್ಸೆಂಟ್ ಉಳಿದಿತ್ತು. ಎದುರಿಗೆ ಬೆಟ್ಟ.

ಏರು ಶುರುವಾದದ್ದೇ ಅಂಕಿ ಜರ್ರನೆ ಇಳಿಯತೊಡಗಿತು. ಮಾವ ಕೈಚಾಚಿ ಎಸಿ ಆರಿಸಿದರು.

"ಯಾಕ್ ಮಾವ, ಬೆವರ್ತಾ ಇದ್ದೀರಲ್ಲ?"

"ಬೆವರಲಿ ಬಿಡು. ನಾನು ಖಾಲಿಯಾದ್ರೆ ನೀರು ಕುಡೀತೀನಿ, ಅದಕ್ಕೇನ್ ಕುಡಿಸ್ತೀಯಾ?" ಮುಂದಿನ ತಿರುವಿನಲ್ಲಿ, ಮೆತ್ತಗೆ, "ನಾನು ಇಳಿದು ನಡೀಲಾ? ಎಂಬತ್ತು ಕೇಜಿ ಕಮ್ಮಿ ಆಗುತ್ತೆ" ಎಂದರು.

"ಸುಮ್ನೆ ಕೂತ್ಕೊಳ್ಳಿ ಮಾವ!"

ನೆತ್ತಿ ಮುಟ್ಟಿದಾಗ ಹನ್ನೊಂದು. ಅವಳು ಆಕ್ಸಿಲರೇಟರಿನಿಂದ ಕಾಲು ತೆಗೆದಳು. ಎರಡು ತಿರುವು ದಾಟಿರಬೇಕು, ಮಾವ ಕನ್ನಡಕ ಹಾಕಿಕೊಂಡು ಬಗ್ಗಿದರು.

"ಏನಿದು, ಹನ್ನೆರಡು ಅಂತಿದೆ?"

"ಇಳೀವಾಗ ಚಕ್ರ ಮೋಟಾರನ್ನ ತಿರುಗಿಸುತ್ತಲ್ಲ ಮಾವ, ಆಗ—"

"ಮೋಟಾರೇ ಡೈನಮೋ ಆಗುತ್ತೆ!" ಅವರು ತೊಡೆ ತಟ್ಟಿಕೊಂಡರು. "ಇಳಿಜಾರು ಇಳಿದು ಟ್ಯಾಂಕು ತುಂಬಿಸ್ಕೊಂಡ ಗಾಡೀನ ನಾನು ನೋಡೇ ಇಲ್ಲ ಕಣಮ್ಮ. ಬ್ರೇಕ್ ಜೋರಾಗಿ ತುಳೀಬೇಡ. ಹಾಗೇ ಬಿಡು, ಹಾಗೇ... ಹದಿಮೂರು!"

ಬೆಟ್ಟದ ಬುಡದಲ್ಲಿ ಹದಿನೈದಾಗಿತ್ತು. ಅಕ್ಕನ ಮನೆ ಮುಟ್ಟಲು ಅಷ್ಟು ಧಾರಾಳವಾಗಿ ಸಾಕಾಯಿತು.

ಅಕ್ಕ ಕುರ್ಚಿಯ ಮೇಲೆ ಕಾಲು ಚಾಚಿ ಕೂತಿದ್ದರು. ಮಾವ ಒಳಗೆ ಬಂದವರೇ, "ಅಕ್ಕಾ, ದೊಡ್ಡ ಪ್ಲಗ್ ಪಾಯಿಂಟ್ ಎಲ್ಲಿದೆ? ಅರ್ತಿಂಗ್ ಸರಿಯಾಗಿದೆಯಾ?" ಎಂದರು.

"ಬಿದ್ದಿರೋದು ನಾನು ಕಣೋ, ಕಾರಲ್ಲ!"

ದೊಡ್ಡ ಪ್ಲಗ್ ಇದ್ದದ್ದು ಹಿತ್ತಲ ಕೋಣೆಯ ಬಟ್ಟೆ ಒಗೆಯುವ ಮೆಷಿನ್ನಿಗೆ ಮಾತ್ರ. ಮಾವ ಮೆಷಿನ್ನಿನ ವೈರು ಕಿತ್ತು, ಅಲ್ಲಿಂದ ಕಾರಿಗೆ ಎಕ್ಸ್‌ಟೆನ್ಶನ್ ವೈರನ್ನು ಕಿಟಕಿಯಿಂದ ಹೊರಗೆಳೆದರು. ಸುತ್ತಿಟ್ಟ ವೈರು ಬಿಸಿಯಾಗುತ್ತದೆಂದು ಪೂರ್ತಿ ಬಿಚ್ಚಿ ಅಂಗಳದಲ್ಲಿ ಹಾಸಿದರು. ಆಮೇಲೆ ಪ್ಲಗ್ಗನ್ನು ಮುಟ್ಟಿಮುಟ್ಟಿ ನೋಡುತ್ತ ಅಲ್ಲೇ ಸ್ಟೂಲು ಹಾಕಿಕೊಂಡು ಕೂತರು. ಒಳಗೆ ಸೊಸೆ ಅಕ್ಕನ ಮಂಡಿಗೆ ಪಟ್ಟಿ ಕಟ್ಟಿ, ಮೆಲ್ಲಗೆ ಕಾಲು ಮಡಿಸುವುದನ್ನು ಕಲಿಸಿದಳು.

"ಆ ಕಾರು ತುಂಬೋಕೆ ಎಷ್ಟು ಹೊತ್ತು?" ಅಕ್ಕ ಕೇಳಿದರು.

"ಮನೆ ಕರೆಂಟಲ್ಲಿ ನಾಳೆ ಬೆಳಿಗ್ಗೆವರೆಗೂ ಬೇಕು ದೊಡ್ಡಮ್ಮ."

ಅಕ್ಕನ ಮುಖ ಅರಳಿತು. ಎಷ್ಟೋ ವರ್ಷಗಳಿಂದ ತಮ್ಮ ಬಂದರೆ ಒಂದು ಲೋಟ ಕಾಫಿ ಕುಡಿದು, ಗ್ಯಾರೇಜು ಕಾಯುತ್ತಿದೆಯೆಂದು ಓಡುತ್ತಿದ್ದ. ಗ್ಯಾರೇಜು ಮುಚ್ಚಿದ ಮೇಲೂ ಆ ಅವಸರ ಹೋಗಿರಲಿಲ್ಲ.

ಮರುದಿನ ತಿಂಡಿಯ ಹೊತ್ತಿಗೆ ಕಾರು ನೂರು ತೋರಿಸಿತು. ಮಾವ ವೈರು ಸುತ್ತಿಟ್ಟು ಬಂದು, ಅಕ್ಕನ ಕಡೆ ನೋಡದೆ ಸೊಸೆಗೆ ಹೇಳಿದರು: "ಮಂಡೀನ ಇನ್ನೊಂದು ದಿನ ನೋಡಿದ್ರೆ ಒಳ್ಳೇದಲ್ವೇನಮ್ಮ?"

ಸೊಸೆ ಫೋನ್ ತೆಗೆದು, ಅಂದಿನ ರೋಗಿಗಳಿಗೆಲ್ಲ ನಾಳೆ ಬರುತ್ತೇನೆಂದು ತಿಳಿಸಿದಳು.