ರಿವರ್ಸ್ ಬರಲ್ಲ ಸಾರ್

ಶಾಲಾ ವ್ಯಾನಿನಲ್ಲಿ ಬಾಗಿಲ ಪಕ್ಕದ ಸೀಟು ಅವಳದು. ಮಕ್ಕಳನ್ನು ಕೈ ಹಿಡಿದು ಹತ್ತಿಸಿಕೊಳ್ಳುವುದು, ನೀರಿನ ಬಾಟಲಿ ಮರೆತವರನ್ನು ಮನೆಯೊಳಕ್ಕೆ ವಾಪಸ್ ಓಡಿಸುವುದು, ಕಿಟಕಿಯಾಚೆ ಕೈ ಚಾಚಿದವರನ್ನು ಗದರುವುದು, ಜಗಳವಾಡುವ ಇಬ್ಬರ ನಡುವೆ ಗೋಡೆಯಂತೆ ತಾನೇ ಕೂತುಬಿಡುವುದು ಅವಳ ಕೆಲಸ. ಓಡಿಸುವುದು ಗಂಡನ ಕೆಲಸ. ವ್ಯಾನು ಅವರ ಸ್ವಂತದ್ದು. ಮಕ್ಕಳು ಅವಳನ್ನು ವ್ಯಾನ್ ಆಂಟಿ ಎಂದೇ ಕರೆಯುತ್ತಿದ್ದರು.

ಕೊನೆಯ ಗಲ್ಲಿಯೊಂದು ಮಾತ್ರ ಇಕ್ಕಟ್ಟಿನದು. ಒಳಗೆ ಹೋದರೆ ತಿರುಗಿಸಲು ಜಾಗವಿಲ್ಲ, ಬಂದ ದಾರಿಯಲ್ಲೇ ಹಿಂದಕ್ಕೆ ಬರಬೇಕು. ಅಲ್ಲಿ ಅವಳು ಇಳಿದು ವ್ಯಾನಿನ ಹಿಂದೆ ನಿಂತು, ಬನ್ನಿ ಬನ್ನಿ ಎಂದು ಕೈಬೀಸುತ್ತಿದ್ದಳು. ಆ ಗಲ್ಲಿಯ ಅವಳಿ ಮಕ್ಕಳು ಒಂದು ಕಡೆ ನಿಂತವರೇ ಅಲ್ಲ.

ಒಂದು ಬೆಳಿಗ್ಗೆ ಗಂಡ ಏನೂ ಇಲ್ಲದ ರಸ್ತೆಯಲ್ಲಿ ಗಕ್ಕನೆ ಬ್ರೇಕ್ ಹಾಕಿದ. ಮುಂದಿನ ತಿರುವಿನಲ್ಲಿ ಹಾಲಿನವನ ಸೈಕಲ್ ಎದುರಿಗಿದ್ದರೂ ಹಾಕಲಿಲ್ಲ. ವ್ಯಾನು ಅದರ ಹ್ಯಾಂಡಲ್ ಸವರಿಕೊಂಡು ಹೋಯಿತು, ಅಷ್ಟೇ. ಆದರೆ ಅವನು ವ್ಯಾನನ್ನು ರಸ್ತೆ ಬದಿಗೆ ನಿಲ್ಲಿಸಿ, ಬೀಗದ ಕೈ ತೆಗೆದು ಹೆಂಡತಿಯ ಕೈಗಿಟ್ಟ. ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಿದೆ, ಇನ್ನು ವಾಹನ ಮುಟ್ಟುವಂತಿಲ್ಲ ಎಂದು ಡಾಕ್ಟರು ಹೇಳಿದ್ದು ಆಮೇಲೆ. ಅವನಿಗೆ ಆವತ್ತೇ ಗೊತ್ತಾಗಿತ್ತು.

ದಿನಗೂಲಿಗೆ ಒಬ್ಬ ಚಾಲಕ ಬಂದ. ಒಂದು ಕೈಯಲ್ಲಿ ಸ್ಟೀರಿಂಗ್, ಇನ್ನೊಂದರಲ್ಲಿ ಮೊಬೈಲ್. ಒಂದು ವಾರ ಹಲ್ಲು ಕಚ್ಚಿಕೊಂಡು ಕೂತಿದ್ದ ಅವಳು ಮನೆಗೆ ಬಂದು, "ರೀ, ನಾನೇ ಕಲೀತೀನಿ" ಎಂದಳು.

"ಕಲಿ," ಎಂದ ಗಂಡ. "ಇಷ್ಟು ವರ್ಷ ಪಕ್ಕದಲ್ಲಿ ಕೂತು ನಂಗೇ ಹೇಳಿಕೊಡ್ತಿದ್ದೆಯಲ್ಲ."

ಮುಖ್ಯೋಪಾಧ್ಯಾಯಿನಿ ಒಪ್ಪಿದರು. "ಆದ್ರೆ ಹೊಸ ವರ್ಷದ ತರಗತಿ ಶುರುವಾಗೋದ್ರೊಳಗೆ ಲೈಸೆನ್ಸ್ ತೋರಿಸಬೇಕು. ಇಲ್ಲದಿದ್ರೆ ಬೇರೆ ವ್ಯಾನ್ ನೋಡ್ತೀವಿ, ಬೇಜಾರು ಮಾಡ್ಕೋಬೇಡಿ."

ಕಲಿಸುವವನನ್ನು ಹುಡುಕುವ ಪ್ರಮೇಯವೇ ಇರಲಿಲ್ಲ. ಮೈದುನನೇ ಸಾರಿಗೆ ಕಚೇರಿಯ ಎದುರು ಡ್ರೈವಿಂಗ್ ಸ್ಕೂಲ್ ಇಟ್ಟಿದ್ದ. ಬಾಯಿ ಜೋರಾದರೂ ಮನಸ್ಸು ಒಳ್ಳೆಯದು. ಅಣ್ಣನನ್ನು ಕಣ್ಣಾಸ್ಪತ್ರೆಗೆ ಕರೆದುಕೊಂಡು ಅಲೆದವನು ಅವನೇ. ಅತ್ತಿಗೆಯ ಹತ್ತಿರ ಒಂದು ಕಾಸೂ ತೆಗೆದುಕೊಳ್ಳದೆ ದಿನಾ ಬೆಳಿಗ್ಗೆ ಕಾರು ತಂದ. ಕ್ಲಚ್ಚು, ಗೇರು, ನೇರ ರಸ್ತೆ, ಎಡ ತಿರುವು, ಬಲ ತಿರುವು. ಅವಳು ಬೇಗ ಹಿಡಿದುಕೊಂಡಳು.

"ರಿವರ್ಸ್ ಯಾವಾಗಪ್ಪ?" ಎಂದು ಕೇಳಿದರೆ, "ಅದೆಲ್ಲ ಆಮೇಲೆ ತಾನಾಗೇ ಬರುತ್ತೆ ಅತ್ತಿಗೆ" ಎನ್ನುತ್ತಿದ್ದ.

ಅರ್ಜಿಯನ್ನು ಮಗಳು ಮೊಬೈಲಿನಲ್ಲೇ ಹಾಕಿದಳು. ಫೋಟೊ, ವಿಳಾಸ, ಶುಲ್ಕ ಎಲ್ಲ ಅಲ್ಲಿಯೇ ಮುಗಿಯಿತು, ಪರೀಕ್ಷೆಯ ದಿನವೂ ಅದರಲ್ಲೇ ಬಂತು. ಕಚೇರಿಯವರ ಮುಖ ನೋಡಬೇಕಾಗಿಯೇ ಬರಲಿಲ್ಲ. ಪರೀಕ್ಷೆಯೂ ಈಗ ಹೊಸದು. ಕಚೇರಿಯ ಹಿಂದಿನ ಮೈದಾನದಲ್ಲಿ ಕ್ಯಾಮೆರಾಗಳ ಕೆಳಗೆ ಗೆರೆ ಎಳೆದ ದಾರಿ. ಗೆರೆ ಮುಟ್ಟಿದರೆ ಅಂಚಿನಲ್ಲಿ ನೆಟ್ಟ ಕಂಬ ಕಿರುಚುತ್ತದೆ, ಅಂಕ ಹಾಕುವುದು ಯಂತ್ರ.

ಅವಳು ಮುಂದಕ್ಕೆ ಹೋಗುವುದೆಲ್ಲ ಚೆನ್ನಾಗಿ ಹೋದಳು. ಹಿಂದಕ್ಕೆ ಬರುವಾಗ ಮೊದಲು ಎಡಗಡೆ ಕಿರುಚಿತು, ಗಾಬರಿಯಲ್ಲಿ ಸ್ಟೀರಿಂಗ್ ತಿರುಗಿಸಿದರೆ ಬಲಗಡೆಯದೂ ಕಿರುಚಿತು. ಕಾರಿನಿಂದ ಇಳಿಯುವ ಮೊದಲೇ ಮೊಬೈಲಿಗೆ ಫಲಿತಾಂಶ ಬಂದಿತ್ತು. ಅನುತ್ತೀರ್ಣ. ಯಾವ ಕಂಬ, ಯಾವ ಚಕ್ರ, ಎಲ್ಲಿ ತಪ್ಪಿತು ಎನ್ನುವುದೆಲ್ಲ ಕೆಳಗೆ ಬರೆದಿತ್ತು.

ಮನೆಯಲ್ಲಿ ಮಗಳು ಅದನ್ನು ಓದಿ ಹೇಳಿದಾಗ ಗಂಡ ನಕ್ಕ. "ನಮ್ಮ ಕಾಲದಲ್ಲಿ ಇಷ್ಟು ವಿವರವಾಗಿ ಯಾರೂ ಬೈತಿರಲಿಲ್ಲ."

ಮೈದುನ ನಗಲಿಲ್ಲ. "ನಾನು ಮೊದಲೇ ಹೇಳಬೇಕಿತ್ತು ಅತ್ತಿಗೆ. ಆ ಯಂತ್ರದ ಸಹವಾಸ ಬೇಡ. ಅದು ಆಗಾಗ ಕೆಡುತ್ತೆ."

"ಕೆಡುತ್ತಾ?"

"ಕೆಡಿಸ್ತಾರೆ ಅನ್ನಿ. ಆವತ್ತು ಸಾಹೇಬ್ರೇ ಹಳೇ ಥರ ಪರೀಕ್ಷೆ ತಗೋತಾರೆ. ನಮ್ಮ ಸ್ಕೂಲುಗಳೋರ ಜನ ಎಲ್ಲ ಆವತ್ತೇ ಹೋಗೋದು. ಸಾಹೇಬ್ರಿಗೆ ಸಲ್ಲಬೇಕಾದ್ದು ನಾನು ನೋಡ್ಕೋತೀನಿ, ನೀವು ತಲೆ ಕೆಡಿಸ್ಕೋಬೇಡಿ."

ಅವಳಿಗೆ ಸರಿ ಅನ್ನಿಸಲಿಲ್ಲ. ಆದರೆ ಶಾಲೆ ತೆರೆಯುವ ದಿನ ಹತ್ತಿರವಾಗುತ್ತಿತ್ತು. ಮೈದುನ ಫೋನ್ ಮಾಡಿ, "ಇವತ್ತು ಕೆಟ್ಟಿದೆ, ಬನ್ನಿ" ಎಂದಾಗ ಸೀರೆ ಸರಿಮಾಡಿಕೊಂಡು ಹೊರಟಳು. ಗಂಡ ಬಾಗಿಲ ತನಕ ಗೋಡೆ ಹಿಡಿದುಕೊಂಡು ಬಂದ.

ಮೈದಾನದಲ್ಲಿ ಜಾತ್ರೆಯಷ್ಟು ಜನ. ಅಂಕ ತೋರಿಸುವ ಪರದೆಯ ಮೇಲೆ ಸರ್ವರ್ ಡೌನ್ ಎಂಬ ಚೀಟಿ. ಮರದ ನೆರಳಲ್ಲಿ ಕುರ್ಚಿ ಹಾಕಿಕೊಂಡ ಅಧಿಕಾರಿ ಹೆಸರು ಕೂಗುತ್ತಿದ್ದರು. ಕರೆದವರು ಕಾರು ಹತ್ತಿ, ಹತ್ತು ಹೆಜ್ಜೆಯಷ್ಟು ಮುಂದೆ ಹೋಗಿ, ಇಳಿದು ಬರುತ್ತಿದ್ದರು. ಒಬ್ಬ ಕೈಬ್ರೇಕ್ ಇಳಿಸದೆಯೇ ಪಾಸಾದ.

ಅವಳ ಸರದಿ ಬಂತು. ಕಾರು ಹತ್ತಿದಳು, ಗೇರು ಹಾಕಿದಳು, ಒಂದಿಷ್ಟು ಮುಂದೆ ಹೋದಳು.

"ಸಾಕಮ್ಮ, ಇಳೀರಿ" ಎಂದರು ಅಧಿಕಾರಿ, ಆಗಲೇ ಮುಂದಿನ ಹೆಸರು ನೋಡುತ್ತ.

ಅವಳ ಕಣ್ಣು ಕನ್ನಡಿಯ ಮೇಲೆ ಬಿತ್ತು. ಅದರಲ್ಲಿ ಖಾಲಿ ಮೈದಾನ ಬಿಟ್ಟು ಬೇರೇನೂ ಇರಲಿಲ್ಲ. ಅವಳಿಗೆ ಕಂಡದ್ದು ಮಾತ್ರ ಕೊನೆಯ ಗಲ್ಲಿ, ಆ ಅವಳಿ ಮಕ್ಕಳು. ಇನ್ನು ಮೇಲೆ ಅವಳು ಸ್ಟೀರಿಂಗ್ ಹಿಂದೆ ಕೂತರೆ ವ್ಯಾನಿನ ಹಿಂದೆ ನಿಂತು ಕೈಬೀಸುವವರು ಯಾರು?

ಅವಳು ಇಳಿದು ಕುರ್ಚಿಯ ಹತ್ತಿರ ಬಂದಳು. "ನಂಗೆ ರಿವರ್ಸ್ ಬರಲ್ಲ ಸಾರ್."

ಅಧಿಕಾರಿ ತಲೆಯೆತ್ತಿದರು. "ಏನು?"

"ರಿವರ್ಸ್. ಹಿಂದಕ್ಕೆ ತಗೊಳ್ಳೋಕೆ ಬರಲ್ಲ. ನೀವು ನೋಡಲೇ ಇಲ್ಲ. ನಾನು ಮಕ್ಕಳ ವ್ಯಾನ್ ಓಡಿಸಬೇಕು, ನನ್ನನ್ನ ಪಾಸ್ ಮಾಡಬೇಡಿ."

ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಪಾಸ್ ಮಾಡಿ ಎಂದು ಕಾಲು ಹಿಡಿದವರನ್ನು ಆ ಅಧಿಕಾರಿ ಕಂಡಿದ್ದರು. ಫೇಲ್ ಮಾಡಿ ಎಂದವರು ಇವಳೊಬ್ಬಳೇ. ಅವರು ಅವಳ ಹೆಸರಿನ ಮೇಲೆ ಗೀಟು ಹಾಕಿ, ಮೈದುನನ ಕಡೆ ಕೆಕ್ಕರಿಸಿ ನೋಡಿ, "ಯಾರನ್ನಯ್ಯ ಕರ್ಕೊಂಡು ಬಂದೆ?" ಎಂದರು. ಮೈದುನನ ಮುಖ ಹುಳಿ ಹಿಂಡಿದಂತಾಯಿತು.

ಮನೆ ತಲುಪುವ ತನಕ ತಡೆದುಕೊಂಡಿದ್ದವನು ಒಳಗೆ ಬಂದದ್ದೇ ಸಿಡಿದ. "ಮಾನ ತೆಗೆದ್ರಿ ಅತ್ತಿಗೆ! ನಾಳೆಯಿಂದ ಆ ಮನುಷ್ಯ ನನ್ನ ಜನಾನ ಹತ್ತಿರಕ್ಕೇ ಸೇರಿಸಲ್ಲ."

"ಕೂತ್ಕೊಂಡು ಮಾತಾಡಪ್ಪ."

"ಕೂತು ಏನು ಮಾತಾಡೋದು? ನಾನೇನು ಬಂಗಲೆ ಕಟ್ಟಿದೀನಾ? ಅಂಗಡಿ ಬಾಡಿಗೆ, ಎರಡು ಕಾರಿನ ಕಂತು. ಬರೋರು ಯಾರೂ ಕಲಿಯೋಕೆ ಬರಲ್ಲ, ಲೈಸೆನ್ಸ್ ಕಾರ್ಡಿಗೆ ಬರ್ತಾರೆ. ಎಷ್ಟು ದಿನದಲ್ಲಿ ಕೊಡಿಸ್ತೀರಿ ಅಂತ್ಲೇ ಕೇಳೋದು. ನಾನು ಕೂರಿಸ್ಕೊಂಡು ಪಾಠ ಮಾಡಿದ್ರೆ ಪಕ್ಕದ ಸ್ಕೂಲಿಗೆ ಹೋಗ್ತಾರೆ. ಈ ಯಂತ್ರ ಬಂದ ಮೇಲಂತೂ ನಮ್ಮ ಹೊಟ್ಟೆ ಮೇಲೆ ತಣ್ಣೀರು ಬಟ್ಟೆ."

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅವಳು ಅವನ ಮುಂದೆ ನೀರಿನ ಲೋಟ ಇಟ್ಟಳು. ಮಂಚದ ಮೇಲಿದ್ದ ಗಂಡ ಕೇಳಿದ, "ಲೋ ತಮ್ಮಾ, ಆ ಎರಡು ಕಂಬದ ಮಧ್ಯೆ ನೀನು ಹಿಂದಕ್ಕೆ ತಗೀತೀಯೇನೋ?"

ಮೈದುನ ನೀರು ಕುಡಿದ. ಲೋಟ ಖಾಲಿಯಾದ ಮೇಲೂ ಕೆಳಗಿಡಲಿಲ್ಲ. "ನಂಗೆ ಕಾರ್ಡು ಬಂದಾಗ ಯಾರೂ ಕೇಳಲಿಲ್ಲ" ಎಂದ ಕೊನೆಗೆ.

ಅವಳು ಮೆತ್ತಗೆ ಹೇಳಿದಳು, "ನೋಡಪ್ಪ, ಅರ್ಜಿ ಹಾಕಿದ ಕಡೆಯೇ ದೂರು ಬರೆಯೋಕೂ ಜಾಗ ಇದೆ. ಯಂತ್ರ ಕೆಟ್ಟಿದೆ ಅಂತ ಇವತ್ತು ಏನು ನಡೀತೋ ಅದನ್ನ ಬರೀತೀನಿ. ನಿನ್ನ ಹೆಸರು ಬರೆಯಲ್ಲ. ಆದ್ರೆ ನಿನಗೆ ಹೇಳದೆ ಬರೆಯೋದು ನಂಗೆ ಆಗಲ್ಲ."

"ಬರೀರಿ," ಎಂದ ಅವನು ಎದ್ದು. "ಮನೆಯವರೇ ಹೀಗೆ ಮಾಡಿದ ಮೇಲೆ ಹೊರಗಿನವರನ್ನ ಏನನ್ನೋದು?" ಚಪ್ಪಲಿ ಮೆಟ್ಟಿಕೊಂಡು ಹೋದವನು ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ಅವಳು ಎರಡು ದಿನ ಒದ್ದಾಡಿದಳು. ಮೂರನೆಯ ದಿನ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಕಂಡದ್ದನ್ನು ಕಂಡಂತೆ ಬರೆಸಿದಳು. ಒಂದು ಸಂಖ್ಯೆ ಬಂತು, ದೂರು ಯಾರ ಮೇಜಿನ ಮೇಲಿದೆ ಎನ್ನುವುದೂ ಕಾಣಿಸಿತು. ಕೆಲವು ದಿನ ಅದು ಒಂದೇ ಮೇಜಿನ ಮೇಲೆ ಬೆಚ್ಚಗೆ ಮಲಗಿತ್ತು. ಮಗಳು ದಿನಾ ನೋಡಿ, "ಇನ್ನೂ ಎದ್ದಿಲ್ಲಮ್ಮ" ಎನ್ನುತ್ತಿದ್ದಳು. ಗಡುವು ಮೀರಿದಾಗ ಅದು ತಾನಾಗಿ ಮೇಲಿನವರಿಗೆ ಹೋಯಿತು. ಆಮೇಲೆ ಉತ್ತರ ಬಂತು. ಯಂತ್ರ ಕೆಟ್ಟ ದಿನ ಪರೀಕ್ಷೆಯೇ ಇರುವುದಿಲ್ಲ, ಎಲ್ಲರಿಗೂ ಬೇರೆ ದಿನ ತಾನಾಗಿ ಸಿಗುತ್ತದೆ, ಆ ದಿನಗಳಲ್ಲಿ ಪಾಸಾದವರು ಮತ್ತೆ ಪರೀಕ್ಷೆ ಕೊಡಬೇಕು. ವಿಚಿತ್ರವೆಂದರೆ, ಆ ಆದೇಶ ಬಂದ ಮೇಲೆ ಯಂತ್ರ ಕೆಡುವುದೇ ನಿಂತುಹೋಯಿತು.

ಅಷ್ಟರಲ್ಲಿ ಗಂಡನೇ ಅವಳ ಗುರುವಾಗಿದ್ದ. ಸಂಜೆ ಶಾಲೆಯ ಖಾಲಿ ಅಂಗಳದಲ್ಲಿ ಬಕೆಟ್ಟುಗಳನ್ನು ಇಟ್ಟು, ಅವನು ವ್ಯಾನಿನಲ್ಲಿ ಅವಳ ಪಕ್ಕದ ಸೀಟಿನಲ್ಲಿ ಕೂರುತ್ತಿದ್ದ. ಬಕೆಟ್ಟು ಅವನಿಗೆ ಕಾಣುತ್ತಿರಲಿಲ್ಲ, ಉರುಳಿದ ಸದ್ದು ಕೇಳುತ್ತಿತ್ತು. "ಆತುರ ಯಾಕೆ? ಹಿಂದಕ್ಕೆ ಬರೋವಾಗ ಯಾರೂ ನಿನ್ನ ಓಡಿಸ್ಕೊಂಡು ಬರಲ್ಲ. ನಿಲ್ಲಿಸು, ಕನ್ನಡಿ ನೋಡು, ಆಮೇಲೆ ತಿರುಗಿಸು." ಬಕೆಟ್ಟುಗಳೆಲ್ಲ ಸೊಟ್ಟಗಾದವು. ಒಂದು ಸಂಜೆ ಯಾವ ಸದ್ದೂ ಆಗಲಿಲ್ಲ. "ಇಳಿದು ನೋಡು, ಬಕೆಟ್ ಇಟ್ಟಿದೀಯೋ ಇಲ್ವೋ" ಎಂದ ಗಂಡ.

ಪರೀಕ್ಷೆಯ ದಿನ ಯಾವ ಕಂಬವೂ ಕಿರುಚಲಿಲ್ಲ. ಪರದೆಯ ಮೇಲೆ ಅವಳ ಫೋಟೊ, ಅದರ ಕೆಳಗೆ ಹಸಿರು ಅಕ್ಷರ. ಕಾರ್ಡು ಅಂಚೆಯಲ್ಲಿ ಮನೆಗೇ ಬಂತು. ಮುಖ್ಯೋಪಾಧ್ಯಾಯಿನಿ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಹಾಗಾದ್ರೆ ಸೋಮವಾರ" ಎಂದರು. ಮಕ್ಕಳನ್ನು ಹತ್ತಿಸಿಕೊಳ್ಳುವ ಕೆಲಸಕ್ಕೆ ಪಕ್ಕದ ಮನೆಯ ಹೆಂಗಸು ಬರಲು ಒಪ್ಪಿದಳು.

ಎಲ್ಲ ಸರಿಹೋದರೂ ಮೈದುನನ ನೆನಪು ಅವಳನ್ನು ಚುಚ್ಚುತ್ತಿತ್ತು. ಎರಡು ಕಾರಲ್ಲಿ ಒಂದನ್ನು ಮಾರಿದನಂತೆ ಎಂದು ಯಾರೋ ಹೇಳಿದ್ದರು. ಗಂಡ ಫೋನ್ ಮಾಡಿದರೆ ಎತ್ತುತ್ತಿದ್ದ, ಅತ್ತಿಗೆಯ ವಿಷಯ ಬಂದರೆ ಮಾತು ಬದಲಿಸುತ್ತಿದ್ದ.

ಸೋಮವಾರ ಮಕ್ಕಳನ್ನೆಲ್ಲ ಶಾಲೆಗೆ ಬಿಟ್ಟು, ಖಾಲಿ ವ್ಯಾನಿನಲ್ಲಿ ಮನೆಗೆ ಮರಳುವಾಗ ಅವಳು ನೀರಿನ ಟ್ಯಾಂಕಿನ ಹಿಂದಿನ ಬಯಲಿನ ಪಕ್ಕ ಹಾದುಹೋಗಬೇಕಾಯಿತು. ಅಲ್ಲಿ ಮೈದುನ ನಿಂತಿದ್ದ. ಇಟ್ಟಿಗೆ ಜೋಡಿಸಿ ದಾರಿ ಮಾಡಿದ್ದ, ನಾಲ್ಕು ಮೂಲೆಗೆ ಕೋಲು ನೆಟ್ಟಿದ್ದ. ಅವನ ಅಂಗಿ ಬೆವರಿಗೆ ಬೆನ್ನಿಗಂಟಿತ್ತು. ಕಾರಿನಲ್ಲಿ ಕೂತಿದ್ದ ಹೆಂಗಸಿಗೆ ಅವನು ಕೂಗಿ ಹೇಳುತ್ತಿದ್ದ, "ನನ್ನ ಮುಖ ಯಾಕಮ್ಮ ನೋಡ್ತೀರಿ? ಕನ್ನಡಿ ನೋಡಿ! ನಂಗೂ ಇದು ಹೋದ ತಿಂಗಳೇ ಬಂದಿದ್ದು, ನಿಮಗೂ ಬರುತ್ತೆ. ಇನ್ನೊಂದ್ ಸಲ."

ಇಟ್ಟಿಗೆಗಳ ಆಚೆ ಇನ್ನೂ ಮೂರ್ನಾಲ್ಕು ಜನ ತಮ್ಮ ಸರದಿಗೆ ಕಾಯುತ್ತಿದ್ದರು.

ಅವಳು ವ್ಯಾನ್ ನಿಧಾನ ಮಾಡಿ ಒಮ್ಮೆ ಹಾರ್ನ್ ಒತ್ತಿದಳು. ಮೈದುನ ತಿರುಗಲಿಲ್ಲ. ಕಾರಿನ ಹಿಂಚಕ್ರದ ಮೇಲೆ ಕಣ್ಣಿಟ್ಟುಕೊಂಡೇ, ಒಂದು ಕೈ ಮೇಲೆತ್ತಿ, "ಇರಿ ಅತ್ತಿಗೆ, ಇವರು ಒಳಗೆ ಬರ್ತಿದ್ದಾರೆ" ಎಂದ.

ಅವಳು ಎಂಜಿನ್ ಆಫ್ ಮಾಡಿ ಕಾದಳು.