ಒಂದೇ ಹೆಸರಿನ ಎರಡು ಕಂಪ್ಯೂಟರ್

ಕುಬಿಹಾಳದ ಕುರಿ ಸಾಕುವವರ ಸಂಘದಲ್ಲಿ ಸೀಮಾಳಿಗೆ ಎರಡು ಕೆಲಸ: ಕಂಪ್ಯೂಟರ್ ನೋಡಿಕೊಳ್ಳುವುದು, ಅಧ್ಯಕ್ಷನಾದ ದೊಡ್ಡಪ್ಪ ಭರಮಪ್ಪನ ಕೈಲಿ ಬೈಸಿಕೊಳ್ಳುವುದು. ಯಾರ ಹಿಂಡಿಗೆ ಯಾವ ಲಸಿಕೆ ಆಗಿದೆ, ಯಾವುದಕ್ಕೆ ಯಾವ ರೋಗ ಬಂದಿತ್ತು, ಎಲ್ಲವನ್ನೂ ವರ್ಷಗಟ್ಟಲೆ ಹಿಂಡುಗಳ ಹಿಂದೆ ಅಲೆದು ಅವಳೇ ತುಂಬಿಸಿದ್ದಳು. ಅಷ್ಟೂ ಮಾಹಿತಿ ಇದ್ದದ್ದು ಒಂದೇ ಕಂಪ್ಯೂಟರಿನಲ್ಲಿ. ಅದು ಕೆಟ್ಟರೆ ಪಟ್ಟ ಕಷ್ಟವೆಲ್ಲ ಮಣ್ಣುಪಾಲು.

ಅದಕ್ಕೇ ಜಗಳವಾಡಿ ಇನ್ನೊಂದನ್ನು ತರಿಸಿದ್ದಳು. ಹಳೆಯದರಲ್ಲಿ ಇದ್ದದ್ದು, ಮುಂದೆ ಬರೆಯುವುದು ಎಲ್ಲ ತಾನಾಗಿಯೇ ಹೊಸದರಲ್ಲೂ ಮೂಡಬೇಕು. ಆಮೇಲೆ ಹೊಸದು ಶಲವಡಿಯ ಶಾಖೆಗೆ ಹೋಗುತ್ತದೆ.

ಪೂಜೆಗೆ ಸಂಘದವರೆಲ್ಲ ಸೇರಿದ್ದರು. ಸೀಮಾ ತೆಂಗಿನಕಾಯಿ ತಂದು ಒಳಗೆ ಕಾಲಿಡುವಷ್ಟರಲ್ಲಿ ಭರಮಪ್ಪ ಎರಡಕ್ಕೂ ಭಂಡಾರದ ಅರಿಶಿನ ಹಚ್ಚಿ ಬಟನ್ ಒತ್ತಿಯೇ ಬಿಟ್ಟಿದ್ದ. ಪರದೆಯ ಮೇಲೆ ಕೆಂಪು ಅಕ್ಷರ ಬಂತು. ನಕಲು ಶುರುವಾಗಲೇ ಇಲ್ಲ.

"ಏನ ಮಾಡಿಟ್ಟೀ ಸೀಮಾ? ಮಂದಿ ಮುಂದ ನನ್ನ ಮಾನ ಕಳದಿ!"

ಸೀಮಾ ಪರದೆಯತ್ತ ಬಗ್ಗಿದಳು. ಹಳೆಯದಕ್ಕೆ ದೊಡ್ಡಪ್ಪ ಮನೆದೇವರ ಹೆಸರಿಟ್ಟಿದ್ದ, ಬೀರಪ್ಪ ಅಂತ. ಈಗ ನೋಡಿದರೆ ಹೊಸದೂ ಬೀರಪ್ಪ.

"ಇದರ ಹೆಸರ ಯಾರ ಬದಲ ಮಾಡಿದ್ರು?"

"ನಾನ ಮಾಡಿಸೇನಿ. ಮೊಮ್ಮಗಗ ಅಜ್ಜನ ಹೆಸರ ಇಡೂದು ನಮ್ಮ ಪದ್ಧತಿ."

ಸೀಮಾ ಅವನತ್ತ ತಿರುಗಿದಳು. "ದೊಡ್ಡಪ್ಪಾ, ಇವು ಒಂದಕ್ಕೊಂದು ಗುರ್ತ ಹಿಡಿಯೂದ ಹೆಸರಿನಿಂದ. ಎರಡಕ್ಕೂ ಒಂದ ಹೆಸರಾದ್ರ ಅಸಲ್ ಯಾವುದು, ನಕಲ್ ಯಾವುದು ತಿಳಿಯೂದಿಲ್ಲ. ಖಾಲಿ ಇದ್ದದ್ದನ್ನ ಅಸಲ್ ಅಂತ ತಿಳಕೊಂಡಿದ್ರ, ಹಳೇದೂ ಖಾಲಿ ಆಗತಿತ್ತು."

"ಮತ್ತ ಹಂಗ ಆಗಲಿಲ್ಲಲ್ಲ?" ಎಂದ ಭರಮಪ್ಪ. ದನಿ ಇಳಿದಿತ್ತು.

ಕಂಪ್ಯೂಟರ್ ಜೋಡಿಸಲು ಹುಬ್ಬಳ್ಳಿಯಿಂದ ಬಂದಿದ್ದ ರಮಜಾನ್ ಬಾಯಿಬಿಟ್ಟ. "ಸೀಮಾ ಅವರು ಮೊದಲ ಬಂದೋಬಸ್ತ್ ಮಾಡಿಟ್ಟಾರ್ರಿ. ಹೆಸರು ಒಂದ ಇದ್ರ ಕೆಲಸಾನ ಶುರು ಆಗಬಾರದು ಅಂತ. ಇಂಥಾ ತಪ್ಪ ಯಾರ ಮಾಡತಾರ್ರಿ ಅಂತ ನಾನ ನಕ್ಕಿದ್ದೆ. ಇವತ್ತ ನೀವ ಹೇಳಿದ್ರಿ, ನಾನ ಮಾಡಿದೆ."

ಸೀಮಾಳಿಗೆ ಹೆಮ್ಮೆಯೆಂದರೆ ಹೆಮ್ಮೆ. ಅದನ್ನು ಮುಚ್ಚಿಡುವ ಜಾಯಮಾನವೂ ಅವಳದಲ್ಲ. ಎಲ್ಲರೂ ನೋಡುವಂತೆ ಕುರ್ಚಿ ಎಳೆದುಕೊಂಡು ಕೂತು ಹೆಸರು ತಿದ್ದಿದಳು, ಬಟನ್ ಒತ್ತಿದಳು. ಹೊಸ ಪರದೆಯ ಮೇಲೆ ಒಂದೊಂದೇ ಹಿಂಡಿನ ವಿವರ ಬರತೊಡಗಿತು.

ತಮ್ಮನ ಮಗಳನ್ನು ಹೊಗಳಿ ಭರಮಪ್ಪನಿಗೆ ಅಭ್ಯಾಸವಿಲ್ಲ. ಸ್ವಲ್ಪ ಹೊತ್ತು ರುಮಾಲು ಸರಿಮಾಡಿಕೊಂಡ. ಆಮೇಲೆ ಸಂಘದವರತ್ತ ತಿರುಗಿದ.

"ಇನ್ನ ಮ್ಯಾಲ ಇವನ್ನ ಯಾರ ಮುಟ್ಟಬೇಕಂದ್ರೂ ಸೀಮಾನ್ನ ಕೇಳಿ ಮುಟ್ಟರಿ," ಎಂದ. "ನಾ ಸುದ್ದಾ ಕೇಳತೇನಿ."